ಹೊಗೆ ಬರುತ್ತದೆ, ಕೆಂಡ ಬರಲ್ಲ. ಕಡ್ಡಿ ಉಜ್ಜಿ ಬೆಂಕಿ ಮಾಡಿದವರು ಯಾರಾದರೂ ಇದ್ದೀರಾ?

ಮದ್ದೂರ್‌ವಡೆ
ಎಲ್ಲರಿಗೂ ನಮಸ್ಕಾರ. ಮದ್ದೂರಿನ ಹತ್ತಿರ ನಮ್ಮ ತೋಟ. ಕಡ್ಡಿಪೆಟ್ಟಿಗೆ, ಲೈಟರ್ ಯಾವುದೂ ಮುಟ್ಟದೆ, ಬೇಲಿಯಲ್ಲಿ ಹೊಲದಲ್ಲಿ ಸಿಗುವ ಗಿಡಗಳಿಂದಲೇ ಬೆಂಕಿ ಮಾಡಬೇಕು ಅಂತ ಹುಚ್ಚು ಹತ್ತಿದೆ. ವಿಡಿಯೋ ನೋಡಿದರೆ ಎಲ್ಲಾ ಯುಕ್ಕಾ, ಸೀಡರ್ ಅಂತಾರೆ, ಅವು ನಮ್ಮೂರಿಗೆ ಎಲ್ಲಿಂದ ಬರಬೇಕು. ಹಾಗಾಗಿ ಕೈಗೆ ಸಿಕ್ಕಿದ ನೀಲಗಿರಿ ಸೀಳಿನಲ್ಲಿ ಒಂದು ಗುಳಿ ತೋಡಿ, ಸರ್ವೆ ಕಡ್ಡಿಯನ್ನು ಎರಡು ಅಂಗೈ ಮಧ್ಯೆ ಇಟ್ಟುಕೊಂಡು ಮೇಲಿಂದ ಕೆಳಗೆ ಉಜ್ಜುತ್ತಾ ಇದ್ದೇನೆ. ಹೊಗೆ ಬರುತ್ತದೆ. ಸುಟ್ಟ ವಾಸನೆಯೂ ಬರುತ್ತದೆ. ಸ್ವಲ್ಪ ಹೊತ್ತಿಗೆ ಕಿರ್ ಕಿರ್ ಅಂತ ಸದ್ದು ಶುರುವಾಗಿ, ಗುಳಿಯೊಳಗೆ ನುಣ್ಣಗೆ ಹೊಳಪು ಬಂದುಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಅಷ್ಟೇ. ಅಂಗೈ ತುಂಬಾ ಬೊಬ್ಬೆ. ನಮ್ಮವ್ವ ದಿನಾ ಬೈಯುತ್ತಿದ್ದಾಳೆ. ಮೈಸೂರು, ಮಂಡ್ಯ ಕಡೆ ಯಾವ ಗಿಡ ಸರಿ ಹೋಗುತ್ತದೆ, ಗೊತ್ತಿದ್ದವರು ಹೇಳಿ.

ಟೀ ಕಾಫಿ ಬೋಂಡಾ
ಗುರು, ಲೈಟರ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ನಿನ್ನ ಅಂಗೈಗೆ ಹಚ್ಚುವ ಆಯಿಂಟ್‌ಮೆಂಟ್ ಅದಕ್ಕಿಂತ ಜಾಸ್ತಿ.

ಆಚಾರಿ ಮಗ
ಮದ್ದೂರ್‌ವಡೆ ಅವರೇ, ನೀವು ತಗೊಂಡಿರುವ ಜೋಡಿಯೇ ಕೆಟ್ಟ ಜೋಡಿ. ಸರ್ವೆ, ನೀಲಗಿರಿ ಎರಡೂ ಒಲೆಗೆ ಹಾಕೋಕೆ ಒಳ್ಳೆಯವು, ಚೆನ್ನಾಗಿ ಉರಿಯುತ್ತವೆ. ಆದರೆ ಇಲ್ಲಿ ಬೇಕಿರುವುದು ಉರಿಯುವ ಮರ ಅಲ್ಲ, ಸವೆಯುವ ಮರ. ಕಡ್ಡಿ ತಿರುಗುವಾಗ ಎರಡು ಮರವೂ ಸವೆದು ಪುಡಿ ಆಗಬೇಕು, ಆ ಪುಡಿ ಕರಿಯಾಗಬೇಕು, ಅದು ಒಂದೇ ಕಡೆ ಗುಡ್ಡೆ ಬೀಳಬೇಕು. ಕೆಂಡ ಆಗುವುದು ಆ ಪುಡಿ. ಕಡ್ಡಿಯೂ ಅಲ್ಲ, ಹಲಗೆಯೂ ಅಲ್ಲ. ಗಟ್ಟಿ ಮರ ಗಟ್ಟಿ ಮರಕ್ಕೆ ಉಜ್ಜಿದರೆ ಸವೆಯುವ ಬದಲು ಒಂದನ್ನೊಂದು ನಯ ಮಾಡುತ್ತವೆ. ನೀವು ಹೇಳಿದ ಹೊಳಪು ಅದೇ. ಹೊಳಪು ಬಂದಾಗ ಗುಳಿಯನ್ನು ಚಾಕುವಿನ ತುದಿಯಲ್ಲಿ ಕೆರೆದು ಮತ್ತೆ ಶುರು ಮಾಡಬೇಕು, ಇಲ್ಲಾಂದ್ರೆ ಒಂದು ಚಿಟಿಕೆ ಒಣ ಮರಳು ಹಾಕಿ, ಹಿಡಿತ ಬರುತ್ತದೆ.

ಮರ ಆರಿಸೋಕೆ ಸುಲಭದ ದಾರಿ ಇದೆ. ಉಗುರಿನಿಂದ ಒತ್ತಿ. ಗುರುತು ಬಿದ್ದರೆ ಸರಿ, ಬೀಳದಿದ್ದರೆ ಬಿಡಿ, ಬೆರಳಿಗೇ ಹಿಂಡಿ ಹೋಗುವ ಹಾಗಿದ್ದರೆ ಅದೂ ಬೇಡ. ನುಗ್ಗೆ ಆ ಮೂರನೇ ಜಾತಿ, ಗುಳಿ ಒಂದೇ ಸಲಕ್ಕೆ ತೂತಾಗಿ ಬಿಡುತ್ತದೆ. ನಿಂತಲ್ಲೇ ಒಣಗಿದ ಕೊಂಬೆ ತರಬೇಕು, ನೆಲದ ಮೇಲೆ ಬಿದ್ದಿದ್ದು ಎಷ್ಟೇ ಒಣಗಿದ ಹಾಗೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಮುರಿದರೆ ಪಟ್ ಅನ್ನಬೇಕು. ಕೆನ್ನೆಗೆ ಇಟ್ಟು ನೋಡಿ, ತಣ್ಣಗೆ ಅನ್ನಿಸಿದರೆ ತೇವ ಇದೆ ಅಂತ ಲೆಕ್ಕ.

ಇನ್ನೊಂದು, ನೀವು ಕಚ್ಚಿನ ಬಗ್ಗೆ ಏನೂ ಹೇಳಲಿಲ್ಲ. ಹಲಗೆಯಲ್ಲಿ ಗುಳಿ ಮಾತ್ರ ಇದೆಯಾ, ಪಕ್ಕದಲ್ಲಿ ಸೀಳು ಕಚ್ಚು ಇದೆಯಾ?

ಮದ್ದೂರ್‌ವಡೆ
ಕಚ್ಚು ಇಲ್ಲ ಅಣ್ಣ. ಬರೀ ಗುಳಿ. ಅದು ಯಾಕೆ ಬೇಕು?

ಆಚಾರಿ ಮಗ
ಅದಿಲ್ಲದೆ ಪುಡಿ ಎಲ್ಲಿ ಸೇರಬೇಕು? ಗುಳಿಯ ಸುತ್ತ ಚೆಲ್ಲಿ ಹೋಗುತ್ತದೆ, ತಣ್ಣಗಾಗುತ್ತದೆ. ಗುಳಿಯನ್ನು ಹಲಗೆಯ ಅಂಚಿಗೆ ಹತ್ತಿರ ತೋಡಿ, ಮೊದಲು ಸ್ವಲ್ಪ ತಿರುಗಿಸಿ ಅದನ್ನು ಕರಿ ಮಾಡಿಕೊಳ್ಳಿ. ಆಮೇಲೆ ಅಂಚಿನಿಂದ ಒಳಕ್ಕೆ ತ್ರಿಕೋನದ ಹಾಗೆ ಒಂದು ಕಚ್ಚು ಕೊಯ್ಯಿರಿ, ಗುಳಿಯ ವೃತ್ತದಲ್ಲಿ ಎಂಟನೇ ಒಂದು ಭಾಗ ಸಾಕು, ಅದರ ಮೂತಿ ಗುಳಿಯ ನಡುವಿಗೆ ಸ್ವಲ್ಪ ಮುಂಚೆ ನಿಲ್ಲಬೇಕು. ಪೂರ್ತಿ ನಡುವಿನ ತನಕ ಹೋದರೆ ಕಡ್ಡಿ ಜಾರಿ ಹೊರಗೆ ಬರುತ್ತದೆ. ಕೆಳಗೆ ಒಂದು ಒಣ ಎಲೆ ಇಡಿ. ಪುಡಿ ಕಚ್ಚಿನಲ್ಲಿ ಇಳಿದು ಎಲೆಯ ಮೇಲೆ ಒತ್ತಾಗಿ ಕೂರುತ್ತದೆ, ಮೇಲಿಂದ ಬಿಸಿ ಪುಡಿ ಬೀಳುತ್ತಲೇ ಇರುತ್ತದೆ, ಪಕ್ಕದ ತೆರೆದ ಬಾಯಿಂದ ಗಾಳಿ ಸಿಗುತ್ತದೆ. ಅಲ್ಲಿಯೇ ಕೆಂಡ ಹುಟ್ಟುವುದು.

ಪುಡಿಯ ಬಣ್ಣ ನೋಡೋದು ಕಲಿತುಕೊಳ್ಳಿ, ಅರ್ಧ ಕೆಲಸ ಅಲ್ಲೇ ಇದೆ. ತಿಳಿ ಕಂದು, ಹತ್ತಿಯ ಹಾಗೆ ಹಗುರ ಇದ್ದರೆ ವೇಗವೂ ಸಾಲದು, ಒತ್ತೂ ಸಾಲದು. ದಪ್ಪ ದಪ್ಪ, ಸುರುಳಿ ಸುರುಳಿಯಾಗಿ ಬಂದರೆ ಒತ್ತು ಜಾಸ್ತಿ. ಕಡು ಕಂದು ಇಲ್ಲಾ ಕರಿ ಬಣ್ಣದಲ್ಲಿ, ಬೆರಳಲ್ಲಿ ತಿಕ್ಕಿದರೆ ನಯವಾಗಿ ಇದ್ದರೆ ಅದೇ ಸರಿ.

ಕುಕ್ಕರಹಳ್ಳಿ ವಾಕರ್
ಇದರ ಹಿಂದಿನ ವಿಜ್ಞಾನವೂ ಸುಲಭ. ಮರ ಸುಮಾರು 250 ರಿಂದ 300 ಡಿಗ್ರಿ ಸೆಲ್ಸಿಯಸ್ಸಿಗೆ ಬಂದಾಗ ಒಡೆದು ಇದ್ದಿಲಾಗೋಕೆ ಶುರುವಾಗುತ್ತದೆ. ಆದರೆ ಮರದಲ್ಲಿ ನೀರಿನ ಅಂಶ ಇರುವ ತನಕ ನೀವು ಕೊಟ್ಟ ಬಿಸಿಯೆಲ್ಲಾ ಅದನ್ನು ಆವಿ ಮಾಡೋಕೇ ಹೋಗುತ್ತದೆ. ಅದಕ್ಕೆ ತೇವದ ಕಡ್ಡಿಯಲ್ಲಿ ಬರುವ ಬಿಳಿ ಹೊಗೆ ನೋಡಿ ಖುಷಿ ಪಡಬೇಡಿ, ಅದರಲ್ಲಿ ಅರ್ಧ ನೀರಾವಿ. ಹಗುರ ಮರ ಯಾಕೆ ಒಳ್ಳೆಯದು ಅಂದರೆ ಅದರೊಳಗೆ ಗಾಳಿ ಜಾಸ್ತಿ, ಬಿಸಿ ಬೇಗ ಹರಿದು ಹೋಗಲ್ಲ, ಉಜ್ಜಿದ ಜಾಗದಲ್ಲೇ ನಿಲ್ಲುತ್ತದೆ. ಪುಡಿಯ ಗುಡ್ಡೆಯಲ್ಲೂ ಅಷ್ಟೇ.

ಮತ್ತೆ ಅಂಗೈ ಬೊಬ್ಬೆಗೆ ಬೇಜಾರು ಮಾಡಿಕೊಳ್ಳಬೇಡಿ. 1835ರ ನವೆಂಬರಿನಲ್ಲಿ ಚಾರ್ಲ್ಸ್ ಡಾರ್ವಿನ್ ತಹಿತಿ ದ್ವೀಪದಲ್ಲಿ ಇದ್ದಾಗ ಅಲ್ಲಿನವರು ಹಲಗೆಯಲ್ಲಿನ ಉದ್ದನೆಯ ತೋಡಿನಲ್ಲಿ ಮೊಂಡು ಕಡ್ಡಿಯನ್ನು ಹಿಂದೆ ಮುಂದೆ ಉಜ್ಜಿ ಕೆಲವೇ ಸೆಕೆಂಡಿನಲ್ಲಿ ಬೆಂಕಿ ಮಾಡಿದರಂತೆ. ಈತ ತಾನೂ ಕೂತು ಉಜ್ಜಿದಾಗ ಸಾಕುಬೇಕಾಯಿತು, ಕೊನೆಗೂ ಪುಡಿ ಹೊತ್ತಿಕೊಂಡಾಗ ಬಹಳ ಹೆಮ್ಮೆ ಆಯಿತು ಅಂತ ಬರೆದುಕೊಂಡಿದ್ದಾನೆ. ಅವರು ಬಳಸಿದ್ದು ಹೈಬಿಸ್ಕಸ್ ಟಿಲಿಯೇಸಿಯಸ್ ಅನ್ನುವ ಹಗುರ ಬಿಳಿ ಮರ. ನಮ್ಮ ದಾಸವಾಳದ ಜಾತಿಯೇ. ಅದಕ್ಕೆ ನನಗೆ ಅನ್ನಿಸೋದು, ಮೈಸೂರಿನ ರಸ್ತೆ ಬದಿಯ ಹೂವರಸಿಯನ್ನೂ ಹಿತ್ತಲಿನ ಒಣ ದಾಸವಾಳದ ಕೊಂಬೆಯನ್ನೂ ಒಂದು ಕೈ ನೋಡಬೇಕು.

ರೇಷ್ಮೆ ಅಕ್ಕ
ನಮ್ಮ ಮಳವಳ್ಳಿ ಕಡೆ ಹಿಪ್ಪುನೇರಳೆ ಕಡ್ಡಿಗೆ ಬರ ಇಲ್ಲ. ಸೊಪ್ಪು ಕೊಯ್ದ ಮೇಲೆ ಹೊರೆ ಹೊರೆ ಒಣಗಿ ಬಿದ್ದಿರುತ್ತದೆ. ಅದು ನೇರ ಇರುತ್ತದೆ, ಆದರೆ ಸ್ವಲ್ಪ ಗಟ್ಟಿ. ಕೈಯಲ್ಲಿ ಉಜ್ಜೋಕೆ ಕಷ್ಟ, ಬಿಲ್ಲು ಕಟ್ಟಿ, ಅದರ ಹಗ್ಗವನ್ನು ಕಡ್ಡಿಗೆ ಸುತ್ತಿ ಎಳೆದು ತಿರುಗಿಸೋಕೆ ಆಗುತ್ತದೆ. ಕೈಯಲ್ಲಿ ಮಾಡೋರು ಎಕ್ಕದ ಕಡ್ಡಿ ತಗೊಳ್ಳಿ ತಮ್ಮ. ಒಣಗಿದ ಎಕ್ಕ ಅಷ್ಟು ಹಗುರ, ಒಳಗೆ ಬೆಂಡು. ಹಸಿ ಇರುವಾಗ ಮಾತ್ರ ಮುಟ್ಟಬೇಡ, ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕು. ನಿಂತಲ್ಲೇ ಒಣಗಿ ಬೆಳ್ಳಗಾಗಿರುವುದನ್ನು ಮುರಿದುಕೊಂಡು ಬಾ. ಹಲಗೆಗೆ ಕತ್ತಾಳೆ. ಕತ್ತಾಳೆ ಹೂ ಬಿಟ್ಟು ಸತ್ತ ಮೇಲೆ ನಡುವೆ ಒಂದು ಕಂಬ ಒಣಗಿ ನಿಂತಿರುತ್ತದಲ್ಲ, ಅದನ್ನು ಸೀಳಿದರೆ ಒಳಗೆ ಬರೀ ಬೆಂಡು. ರೈಲ್ವೆ ಹಳಿ ಪಕ್ಕ, ಹೊಲದ ಬದುವಿನಲ್ಲಿ ಬೇಕಾದಷ್ಟು ಇದೆ. ಆ ಗಿಡ ಮೆಕ್ಸಿಕೋದಿಂದ ಬಂದಿದ್ದು, ಬೇಲಿಗೆ ಅಂತ ನೆಟ್ಟಿದ್ದು, ಈಗ ನಮ್ಮದೇ ಆಗಿದೆ.

ಕೆಂಡ ಬಂದ ಮೇಲೆ ಹಾಕೋಕೆ ಏನು ಇಟ್ಟುಕೊಂಡಿದ್ದೀಯಾ ಅಂತಲೂ ಹೇಳು. ಅಲ್ಲಿ ಬಹಳ ಜನ ಸೋಲುತ್ತಾರೆ.

ಮದ್ದೂರ್‌ವಡೆ
ಕಬ್ಬಿನ ತರಗು ಇದೆ ಅಕ್ಕ. ರಾಶಿ ಇದೆ.

ರೇಷ್ಮೆ ಅಕ್ಕ
ತರಗು ಉರಿ ಹತ್ತಿದ ಮೇಲೆ ಒಳ್ಳೆಯದು. ಕೆಂಡಕ್ಕೆ ನೇರ ಕೊಟ್ಟರೆ ಹಿಡಿಯಲ್ಲ, ಅದರ ಮೈ ನುಣುಪು, ಕೆಂಡ ಜಾರಿ ಕೆಳಗೆ ಬಿದ್ದು ಹೋಗುತ್ತದೆ. ತೆಂಗಿನ ಸಿಪ್ಪೆಯ ನಾರನ್ನು ಅಂಗೈಯಲ್ಲಿ ಚೆನ್ನಾಗಿ ತಿಕ್ಕಿ ಬಿಡಿಸು, ಪುಡಿ ಉದುರಿದರೆ ಅದನ್ನು ಬಿಸಾಡಬೇಡ, ನಡುವಿಗೇ ಹಾಕು. ಬಾಳೆ ದಿಂಡಿನ ಹೊರಗಿನ ಒಣ ಪಟ್ಟೆ ಸೀಳಿದರೆ ಬರುವ ನಾರೂ ಆಗುತ್ತದೆ. ಬೆರಣಿ ಪುಡಿ ಒಂದು ಹಿಡಿ ನಡುವೆ ಇಟ್ಟರೆ ಕೆಂಡ ಆರೋದೇ ಇಲ್ಲ, ಮೆಲ್ಲಗೆ ಹಬ್ಬುತ್ತಾ ಇರುತ್ತದೆ, ನಿನಗೆ ಗಡಿಬಿಡಿ ಇರಲ್ಲ. ಎಕ್ಕದ ಕಾಯಿಯ ಹತ್ತಿ, ಬೂರುಗದ ಹತ್ತಿ ಚೆಂದ ಕಾಣುತ್ತವೆ ಅಂತ ಅವನ್ನೇ ತುಂಬಬೇಡ. ಭಗ್ ಅಂತ ಒಂದು ಕ್ಷಣಕ್ಕೆ ಉರಿದು ಮುಗಿದು ಹೋಗುತ್ತವೆ. ನಾರಿನ ಜೊತೆ ಸ್ವಲ್ಪ ಬೆರೆಸು ಅಷ್ಟೇ.

ಅರಳಿಕಟ್ಟೆ
ನಮ್ಮ ಕಡೆ ಇದಕ್ಕೆ ಅರಣಿ ಇದೆಯಲ್ಲ, ಯಾಗದ ಬೆಂಕಿ ಕಡೆಯುವ ಮರದ ಜೋಡಿ, ಯಾರೂ ಅದರ ಸುದ್ದಿ ಎತ್ತಲಿಲ್ಲ. ಋಗ್ವೇದದ ಮೂರನೇ ಮಂಡಲದಲ್ಲಿ ಅರಣಿಗಳ ನಡುವೆ ಗರ್ಭದ ಹಾಗೆ ಅಗ್ನಿ ಅಡಗಿದ್ದಾನೆ ಅಂತ ಸೂಕ್ತವೇ ಇದೆ. ಇವತ್ತಿಗೂ ಸೋಮಯಾಗಗಳಲ್ಲಿ ಬೆಂಕಿಯನ್ನು ಕಡೆದೇ ತೆಗೆಯುವುದು. 1975ರ ಏಪ್ರಿಲಿನಲ್ಲಿ ಕೇರಳದ ಪಾಂಜಾಳದಲ್ಲಿ ನಂಬೂದಿರಿ ಬ್ರಾಹ್ಮಣರು ಮಾಡಿದ ಅತಿರಾತ್ರ ಅನ್ನುವ ಸೋಮಯಾಗದಲ್ಲೂ ಹೀಗೇ ಮಾಡಿದರು, ಅದನ್ನು ಫ್ರಿಟ್ಸ್ ಸ್ಟಾಲ್ ಅನ್ನುವ ವಿದ್ವಾಂಸರು ಪೂರ್ತಿ ದಾಖಲೆ ಮಾಡಿದ್ದಾರೆ.

ಕೆಳಗಿನದು ಅಧರಾರಣಿ, ಅದರಲ್ಲಿ ಗುಳಿ. ಮೇಲಿನದು ಉತ್ತರಾರಣಿ, ಅದರಿಂದ ಒಂದು ತುಂಡು ಕತ್ತರಿಸಿ ಕಡೆಯುವ ಕೋಲಿನ ತುದಿಗೆ ಸೇರಿಸುತ್ತಾರೆ. ಕೋಲಿಗೆ ಹಗ್ಗ ಸುತ್ತಿ ಒಬ್ಬರು ಆ ಕಡೆ ಈ ಕಡೆ ಎಳೆಯುತ್ತಾರೆ, ಇನ್ನೊಬ್ಬರು ಮೇಲಿಂದ ಒಂದು ಮರದ ತುಂಡಿನಲ್ಲಿ ಒತ್ತಿ ಹಿಡಿಯುತ್ತಾರೆ. ಮಜ್ಜಿಗೆ ಕಡೆಯುವ ಕಡಗೋಲು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ, ಅದೇ ಕೆಲಸ. ಇಲ್ಲಿ ಒಬ್ಬನೇ ಕೂತು ಅಂಗೈ ಸುಲಿದುಕೊಳ್ಳುವ ಮಾತೇ ಇಲ್ಲ.

ಪೌರಕಾರ್ಮಿಕ ರಸ್ತೆ
ಅರಣಿ ಅಂದರೆ ಬನ್ನಿ ಮರ ಅಲ್ವಾ? ಬನ್ನಿಯಲ್ಲಿ ಬೆಂಕಿ ಇದೆ ಅಂತ ನಮ್ಮಜ್ಜಿ ಹೇಳೋರು. ದಸರಾದಲ್ಲಿ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗೋದು, ರಾತ್ರಿ ಅಲ್ಲೇ ಪಂಜಿನ ಕವಾಯತು ಆಗೋದು ಎಲ್ಲ ಅದಕ್ಕೇ ಅಂತ ನಾನು ಅಂದುಕೊಂಡಿದ್ದೆ.

ಅರಳಿಕಟ್ಟೆ
ಪಂಜಿನ ಕವಾಯತಿಗೂ ಅರಣಿಗೂ ಗಂಟು ಹಾಕಬೇಡಿ ಸಾರ್. ಬನ್ನಿಪೂಜೆ ವಿಜಯದಶಮಿಯದು, ಪಾಂಡವರು ಆಯುಧ ಬಚ್ಚಿಟ್ಟ ಕಥೆ. ಅರಣಿಗೆ ಹೇಳಿರುವುದು ಶಮೀಗರ್ಭ ಅಶ್ವತ್ಥ. ಅಂದರೆ ಬನ್ನಿ ಮರದ ಮೇಲೆ ಹಕ್ಕಿ ಹಾಕಿದ ಬೀಜದಿಂದ ಹುಟ್ಟಿ ಬೆಳೆದ ಅರಳಿ. ಕಡೆಯುವ ಮರ ಅರಳಿಯೇ.

ಆಚಾರಿ ಮಗ
ಇಲ್ಲಿ ಮರಗೆಲಸದವನ ಮಾತು ಒಂದು ಸೇರಿಸುತ್ತೇನೆ. ಬನ್ನಿ ಬಹಳ ಗಟ್ಟಿ, ತೂಕದ ಮರ, ಉಳಿ ಹಾಕಿದರೆ ಗೊತ್ತಾಗುತ್ತದೆ. ಅರಳಿ ಹಗುರ, ಮೆತ್ತನೆ, ಪೀಠೋಪಕರಣಕ್ಕೆ ಯಾರೂ ಮುಟ್ಟಲ್ಲ. ಬೆಂಕಿ ಕಡೆಯೋಕೆ ಎರಡರಲ್ಲಿ ಯಾವುದು ಸರಿ ಅಂತ ನೀವೇ ಹೇಳಿ. ಹಿಂದಿನವರು ಶಾಸ್ತ್ರ ಬರೆಯೋ ಮುಂಚೆ ಉಜ್ಜಿ ನೋಡಿಯೇ ಇರುತ್ತಾರೆ. ಇನ್ನು ಕೆಲವರು ಬಳ್ಳಾರಿ ಜಾಲಿ ತಂದು ಬನ್ನಿ ಅಂತ ಉಜ್ಜುತ್ತಾರೆ, ಎಲೆ ಸ್ವಲ್ಪ ಒಂದೇ ಥರ ಕಾಣುತ್ತದೆ, ಅದು ಬೇರೆ ಮರ, ಅದೂ ಗಟ್ಟಿಯೇ.

ಒಂದು ಕೈಮುಗಿಯುತ್ತೇನೆ, ಕಟ್ಟೆಯ ಮೇಲಿನ ಅರಳಿ ಮರದ ಕೊಂಬೆ ಕಡಿಯಬೇಡಿ. ಊರಿನವರು ಹೊಡೆಯುತ್ತಾರೆ. ಗಾಳಿಗೆ ಮುರಿದು ಮರದಲ್ಲೇ ನೇತಾಡುತ್ತಾ ಒಣಗಿದ ಕೊಂಬೆ ಸಿಗುತ್ತದೆ, ಅದು ಸಾಕು.

ಕಬಿನಿ ಹಿನ್ನೀರು
ಎಚ್.ಡಿ. ಕೋಟೆ ಕಡೆಯವನು. ಬಿದಿರು ಮರೆತುಬಿಟ್ಟಿರಲ್ಲ ಎಲ್ಲರೂ. ಒಣಗಿದ ಬಿದಿರನ್ನು ಉದ್ದಕ್ಕೆ ಎರಡು ಸೀಳು ಮಾಡಿ. ಒಂದು ಸೀಳಿನ ಬೆನ್ನಿನಲ್ಲಿ ಅಡ್ಡ ಒಂದು ತೋಡು ಕೊಯ್ದು, ಅದರ ತಳದಲ್ಲಿ ಸಣ್ಣ ಕಿಂಡಿ ಬೀಳುವ ತನಕ ಕೆರೆಯಿರಿ. ಬಿದಿರಿನ ಮೈಯನ್ನೇ ಚಾಕುವಿನಲ್ಲಿ ಹೆರೆದರೆ ಕೂದಲಿನ ಥರ ಎಳೆ ಬರುತ್ತದೆ, ಅದನ್ನು ಉಂಡೆ ಮಾಡಿ ಕಿಂಡಿಯ ಹಿಂದೆ, ಒಳಗಡೆ ಸಿಕ್ಕಿಸಿ. ಇನ್ನೊಂದು ಸೀಳಿನ ಚೂಪು ಅಂಚನ್ನು ಆ ತೋಡಿನಲ್ಲಿ ಇಟ್ಟು ಗರಗಸ ಎಳೆದ ಹಾಗೆ ಎಳೆಯಿರಿ. ಪುಡಿ ಕಿಂಡಿಯಿಂದ ಇಳಿದು ಆ ಉಂಡೆಯ ಮೇಲೆ ಬೀಳುತ್ತದೆ. ಇದರಲ್ಲಿ ಅಂಗೈ ಉಳಿಯುತ್ತದೆ, ಉಸಿರು ಹೋಗುತ್ತದೆ. ಕೊನೆಯಲ್ಲಿ ನಿಲ್ಲಿಸಬಾರದು, ಹೊಗೆ ದಟ್ಟ ಆದ ಮೇಲೂ ಇನ್ನಷ್ಟು ಜೋರಾಗಿ ಎಳೆಯಬೇಕು.

ಟೀ ಕಾಫಿ ಬೋಂಡಾ
ಅದಕ್ಕೇ ನೋಡಿ ಕಾಡಲ್ಲಿ ಬಿದಿರು ಬಿದಿರಿಗೆ ಉಜ್ಜಿ ಕಾಡ್ಗಿಚ್ಚು ಹತ್ತೋದು. ಸ್ಕೂಲಲ್ಲಿ ಓದಿದ್ದು ನೆನಪಿದೆ.

ಕಬಿನಿ ಹಿನ್ನೀರು
ಆ ಮಾತು ಕೇಳಿ ಕೇಳಿ ಸಾಕಾಗಿದೆ ಗುರು. ಈಗಷ್ಟೇ ಮೇಲೆ ಓದಿದೆಯಲ್ಲ, ಒಣ ಬಿದಿರು, ಚೂಪು ಅಂಚು, ತೋಡು, ಕಿಂಡಿ, ಒಂದೇ ಜಾಗದಲ್ಲಿ ಬಿಡದೆ ಒತ್ತು, ಪುಡಿ ಸೇರೋಕೆ ಜಾಗ, ಇಷ್ಟೆಲ್ಲಾ ಕೂಡಿ ಬಂದರೂ ಮನುಷ್ಯನಿಗೆ ಬೆವರು ಇಳಿಯುತ್ತದೆ. ಗಾಳಿಗೆ ಓಲಾಡುವ ಬಿದಿರಿನ ಮೆಳೆಯಲ್ಲಿ ಇದರಲ್ಲಿ ಯಾವುದಿದೆ? ಉರುಟು ಮೈ ಉರುಟು ಮೈಗೆ ನಿಧಾನಕ್ಕೆ ತಾಗುತ್ತದೆ, ಪುಡಿ ಬಂದರೂ ಗಾಳಿಗೆ ಹಾರಿ ಹೋಗುತ್ತದೆ. ಕಿರ್ ಅನ್ನೋ ಸದ್ದು ಮಾತ್ರ ಚೆನ್ನಾಗಿ ಬರುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿದೆ. ಸಾವಿರಾರು ಎಕರೆ ಹೋಯಿತು. ಅದಕ್ಕೆಲ್ಲಾ ಬಿದಿರಿನ ಮೇಲೆ ಗೂಬೆ ಕೂರಿಸುವುದು ಸುಲಭ, ಬಿದಿರು ತಿರುಗಿ ಮಾತಾಡಲ್ಲ. ನಮ್ಮ ಕಡೆ ಕಾಡಿಗೆ ಬೆಂಕಿ ಬೀಳೋದು ಹೆಚ್ಚೂಕಮ್ಮಿ ಮನುಷ್ಯರ ಕೈಯಿಂದಲೇ. ಬೀಡಿ ತುಂಡು ಇರಬಹುದು, ಬೇಕಂತ ಹಚ್ಚಿದ್ದು ಇರಬಹುದು, ಹೊಲದ ಕಸಕ್ಕೆ ಹಾಕಿದ ಬೆಂಕಿ ದಾಟಿದ್ದು ಇರಬಹುದು. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಬೆಂಕಿ ದಾಟದ ಹಾಗೆ ಪಟ್ಟಿಯಾಗಿ ಜಾಗ ಸವರಿ ಬೆಂಕಿ ರೇಖೆ ಮಾಡೋದು, ವಾಚರ್‌ಗಳನ್ನು ಇಡೋದು ಅದಕ್ಕೇ. ಮತ್ತೆ ಇಲ್ಲಿ ಓದಿ ಹುರುಪು ಬಂದು ಯಾರೂ ನಾಗರಹೊಳೆ, ಬಂಡೀಪುರ ಕಡೆ ಪ್ರಯೋಗಕ್ಕೆ ಹೊರಡಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಕೇಸ್ ಹಾಕಿದರೆ ನಾವ್ಯಾರೂ ಬರಲ್ಲ.

ಕುಕ್ಕರಹಳ್ಳಿ ವಾಕರ್
ಪಕ್ಕದ ನೀಲಗಿರಿ ಬೆಟ್ಟದ ತೋಡ ಬುಡಕಟ್ಟಿನವರ ಬಗ್ಗೆ ಡಬ್ಲ್ಯೂ.ಎಚ್.ಆರ್. ರಿವರ್ಸ್ ಅನ್ನುವ ಇಂಗ್ಲಿಷ್ ವಿದ್ವಾಂಸರು 1906ರಲ್ಲಿ ಬರೆದಿದ್ದರಲ್ಲಿ ಒಂದು ಸ್ವಾರಸ್ಯ ಇದೆ. ಆ ಹೊತ್ತಿಗೆ ಬೆಂಕಿಪೊಟ್ಟಣ ಬಂದಾಗಿತ್ತು, ಆದರೂ ಕೆಲವು ಆಚರಣೆಗಳಿಗೆ ಮಾತ್ರ ಮರ ಉಜ್ಜಿಯೇ ಬೆಂಕಿ ಮಾಡುತ್ತಿದ್ದರು. ಯಾಗಶಾಲೆಯಲ್ಲಿ ಅರಣಿ ಉಳಿದದ್ದೂ ಹೀಗೇ. ಮನೆಯ ಒಲೆಯಿಂದ ಹೋದರೂ ದೇವರ ಕೆಲಸದಲ್ಲಿ ಉಳಿಯಿತು.

ಮದ್ದೂರ್‌ವಡೆ
ಬಂತು! ಕೆಂಡ ಬಂತು ಕಣ್ರಪ್ಪೋ!

ಅಕ್ಕ ಹೇಳಿದ ಹಾಗೆ ಕತ್ತಾಳೆ ಕಂಬ ಸೀಳಿ ಹಲಗೆ ಮಾಡಿದೆ, ಹೆಬ್ಬೆರಳಿನಷ್ಟು ದಪ್ಪ. ಕಡ್ಡಿಗೆ ಎಕ್ಕ, ಮೊಳದುದ್ದಕ್ಕಿಂತ ಸ್ವಲ್ಪ ಜಾಸ್ತಿ, ಕಿರುಬೆರಳಿನ ದಪ್ಪ, ಗಂಟುಗಳನ್ನೆಲ್ಲಾ ಕೆರೆದು ನಯ ಮಾಡಿಕೊಂಡೆ. ಒಬ್ಬನೇ ಮಾಡಲಿಲ್ಲ, ನಮ್ಮ ಭಾವನ ಜೊತೆ ಎದುರುಬದುರು ಕೂತೆವು, ನನ್ನ ಕೈ ಕೆಳಗೆ ಬರುವ ಹೊತ್ತಿಗೆ ಅವರು ಮೇಲಿಂದ ಹಿಡಿಯುತ್ತಿದ್ದರು, ಕಡ್ಡಿ ನಿಲ್ಲಲೇ ಇಲ್ಲ. ಮೊದಲು ಪುಡಿ ಕಾಫಿಪುಡಿ ಬಣ್ಣದಲ್ಲಿ ಬಂತು, ನಿಧಾನಕ್ಕೆ ಕರಿ ಆಯಿತು, ಕಚ್ಚು ತುಂಬಿತು, ಹೊಗೆ ಕಣ್ಣಿಗೆ ಹೊಡೆಯೋಕೆ ಶುರುವಾಯಿತು. ಭಾವ ಸುಸ್ತಾಗಿ ಕೈ ಬಿಟ್ಟರು. ಮುಗಿಯಿತು ಅಂದುಕೊಂಡರೆ, ಕಡ್ಡಿ ಎತ್ತಿದ ಮೇಲೂ ಆ ಪುಡಿಯ ಗುಡ್ಡೆಯಿಂದ ಒಂದು ಸಣ್ಣ ಎಳೆ ಹೊಗೆ ಏಳುತ್ತಲೇ ಇತ್ತು. ಕೈ ಬೀಸಿ ಗಾಳಿ ಹಾಕಿದೆ, ಒಳಗೆ ಕೆಂಪಗೆ ಒಂದು ಚುಕ್ಕಿ. ಎಲೆ ಸಮೇತ ಎತ್ತಿ ತೆಂಗಿನ ನಾರಿಗೆ ಹಾಕಿ, ಬೆರಣಿ ಪುಡಿ ಉದುರಿಸಿ, ಮುಖದ ಮೇಲಕ್ಕೆ ಎತ್ತಿ ಹಿಡಿದು ಕೆಳಗಿಂದ ಊದಿದೆ. ಹಳದಿ ಹೊಗೆ, ಆಮೇಲೆ ಉರಿ. ನಮ್ಮವ್ವ ಬಂದು ನೋಡಿ, ಹಾಗಾದರೆ ಹಂಡೆ ಒಲೆ ಹಚ್ಚು ಅಂದಳು. ತೊಗರಿ ಕಡ್ಡಿ ಇಟ್ಟು ಹಚ್ಚಿದೆ.

ಆಚಾರಿ ಮಗ
ಭೇಷ್. ಕಡ್ಡಿ ಬಿಟ್ಟ ಮೇಲೂ ಪುಡಿ ತಾನಾಗಿ ಹೊಗೆ ಬಿಡುತ್ತಿದೆ ಅಂದರೆ ಕೆಂಡ ಕೂತಿದೆ ಅಂತಲೇ. ಆಗ ಯಾರೂ ಗಾಬರಿಯಾಗಿ ಬಾಯಿಂದ ಊದಬಾರದು, ಪುಡಿ ಚೆದುರಿ ಹೋಗುತ್ತದೆ. ಸ್ವಲ್ಪ ಬಿಡಿ, ಅದು ಗಟ್ಟಿ ಕಟ್ಟಿಕೊಳ್ಳಲಿ.

ಮುಂದಿನ ಸಲ ಬಿಲ್ಲು ಕಟ್ಟಿ. ಒಬ್ಬರೇ ಮಾಡಬಹುದು. ನಮ್ಮಪ್ಪ ತೂತು ಕೊರೆಯೋಕೆ ಹಗ್ಗದ ಬೈರಿಗೆ ಬಳಸುತ್ತಿದ್ದರು, ಅದೇ ಉಪಾಯ. ತೋಳುದ್ದದ, ಸ್ವಲ್ಪ ಬಾಗಿದ ಸೀಬೆ ಕೊಂಬೆ ತಗೊಳ್ಳಿ, ಹೆಚ್ಚು ಬಳುಕಬಾರದು. ಹಗ್ಗಕ್ಕೆ ಕತ್ತಾಳೆ ನಾರು ಇಲ್ಲಾ ಎಕ್ಕದ ತೊಗಟೆಯ ನಾರು ಹೊಸೆಯಿರಿ, ಎಕ್ಕದ ನಾರು ಬಹಳ ಗಟ್ಟಿ. ಕಡ್ಡಿ ಇಲ್ಲಿ ಗೇಣುದ್ದ, ಹೆಬ್ಬೆರಳು ದಪ್ಪ ಇರಲಿ. ಮೇಲೆ ಒತ್ತಿ ಹಿಡಿಯೋಕೆ ತೆಂಗಿನ ಕರಟದ ಒಂದು ಚೂರು, ಅದರ ಒಳಗುಳಿಯಲ್ಲಿ ಒಂದು ಹಸಿರು ಎಲೆ ಮಡಿಸಿ ಇಡಿ, ಮೇಲ್ಗಡೆ ಜಾರಬೇಕು, ಕೆಳಗಡೆ ಮಾತ್ರ ಸವೆಯಬೇಕು. ಎಡಗಾಲಿನಲ್ಲಿ ಹಲಗೆ ತುಳಿದು, ಎಡ ಮಣಿಕಟ್ಟನ್ನು ಮೊಣಕಾಲ ಕೆಳಗಿನ ಮೂಳೆಗೆ ಆನಿಸಿ. ಆ ಆನಿಕೆ ಇಲ್ಲದಿದ್ದರೆ ಕಡ್ಡಿ ಅಲ್ಲಾಡಿ ಗುಳಿಯಿಂದ ಹಾರುತ್ತದೆ. ಬಿಲ್ಲನ್ನು ತುದಿಯಿಂದ ತುದಿಗೆ ಪೂರ್ತಿ ಎಳೆಯಿರಿ. ಚಿಕ್ಕ ಚಿಕ್ಕ ಎಳೆತ ಬೇಡ.

ನಾಲೆ ಏರಿ
ಕೆ.ಆರ್. ಪೇಟೆಯವನು, ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಕಬ್ಬಿನ ಗದ್ದೆ ಹತ್ತಿರ ಮಾಡುವವರು ದಯವಿಟ್ಟು ತರಗು ಬಿದ್ದಿರುವ ಜಾಗ ಬಿಟ್ಟು ಕಣದಲ್ಲಿ ಮಾಡಿ. ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ಗದ್ದೆ ಗದ್ದೆಯೇ ಹೋಗುತ್ತದೆ. ಪಕ್ಕದಲ್ಲಿ ಒಂದು ಬಿಂದಿಗೆ ನೀರು ಇರಲಿ.

ನನ್ನದೊಂದು ಪ್ರಶ್ನೆ. ಬೇಸಿಗೆ ಸರಿ. ಜೂನ್, ಜುಲೈನಲ್ಲಿ ನಾಲೆಗೆ ನೀರು ಬಿಟ್ಟು, ಮಳೆ ಹಿಡಿದಾಗ ಇದು ಆಗುತ್ತದಾ?

ಆಚಾರಿ ಮಗ
ಆಗುತ್ತದೆ, ಆದರೆ ಆ ದಿನ ಹೋಗಿ ಕಡ್ಡಿ ತಂದರೆ ಆಗಲ್ಲ. ಒಣ ಮರ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ, ಅಂಗಳದಲ್ಲಿ ಇಟ್ಟ ಹಲಗೆ ಒಂದು ರಾತ್ರಿಗೇ ಮೆತ್ತಗಾಗಿರುತ್ತದೆ. ಮಾರ್ಚ್, ಏಪ್ರಿಲಿನಲ್ಲೇ ಕತ್ತಾಳೆ, ಎಕ್ಕ ಎಲ್ಲಾ ಕೂಡಿಸಿ ಇಟ್ಟುಕೊಳ್ಳಿ. ಸೌದೆ ಒಲೆ ಇದ್ದರೆ ಅದರ ಮೇಲಿನ ಅಟ್ಟಕ್ಕೆ ಹಾಕಿ, ಹೊಗೆಯ ಬಿಸಿಗೆ ಒಣಗಿಯೇ ಇರುತ್ತದೆ. ಗ್ಯಾಸ್ ಮನೆಯಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿ, ಉಜ್ಜುವ ಮುಂಚೆ ಬಿಸಿಲು ಬಂದ ಹೊತ್ತಲ್ಲಿ ಹೊರಗೆ ಹರಡಿ.

ರೇಷ್ಮೆ ಅಕ್ಕ
ನಾರನ್ನೂ ಅದೇ ಚೀಲದಲ್ಲಿ ಇಡಿ. ಮಳೆಗಾಲದಲ್ಲಿ ಕಡ್ಡಿಗಿಂತ ಮೊದಲು ಥಂಡಿ ಹಿಡಿಯುವುದು ತೆಂಗಿನ ನಾರಿಗೆ.